ಬೊಜ್ಜಕ್ಕೊಂದು ಪಟ

ಗಣಪ ಸತ್ತ ನಾಲ್ಕನೆಯ ದಿನ ಮಧ್ಯಾಹ್ನ, ಮನೆಯವರೆಲ್ಲ ಗಂಜಿಗೆ ಕೂತಾಗ, ಸಾವಿನ ಮನೆಯಲ್ಲಿ ಯಾರಾದರೊಬ್ಬರು ಕೇಳಿಯೇ ಕೇಳುವ ಮಾತನ್ನು ಅವನ ಅಕ್ಕ ಸೀತು ಕೇಳಿದಳು.

"ಬೊಜ್ಜದ್ ದಿನ ಇಡುಕೆ ಪಟ ಎಲ್ಲಿತ್ತ್?"

ಹದಿಮೂರನೆಯ ದಿನದ ಬೊಜ್ಜದಲ್ಲಿ ಸತ್ತವನಿಗೆ ಎಲೆ ಹಾಕಬೇಕು, ಅವನಿಗೆ ಇಷ್ಟವಾದದ್ದನ್ನೆಲ್ಲ ಬಡಿಸಬೇಕು, ಪಕ್ಕದ ಕುರ್ಚಿಯ ಮೇಲೆ ಅವನ ಪಟ ಇಟ್ಟು ಮಾಲೆ ಹಾಕಬೇಕು. ನೆಂಟರೆಲ್ಲ ಆ ಪಟಕ್ಕೆ ಕೈಮುಗಿದ ಮೇಲೆಯೇ ಊಟಕ್ಕೆ ಕೂರುವುದು. ಮರವಂತೆಯಲ್ಲಿ ಈಚೆಗೆ ಪಟವಿಲ್ಲದ ಬೊಜ್ಜ ಎಂದರೆ ಮದುಮಗನಿಲ್ಲದ ಮದುವೆಯ ಹಾಗೆ.

ಗಣಪನ ಹೆಂಡತಿ ಪದ್ದು ಒಳಕೋಣೆಯ ಚಾಪೆಯ ಮೇಲೆ ಕೂತಲ್ಲಿಂದಲೇ ಇದನ್ನು ಕೇಳಿಸಿಕೊಂಡಳು. ಗಂಡ ಸತ್ತವಳು ಬೊಜ್ಜ ಮುಗಿಯುವ ತನಕ ಮೆಟ್ಟಿಲು ಇಳಿಯುವ ಹಾಗಿಲ್ಲ. ಇಪ್ಪತ್ತೆಂಟು ವರ್ಷ ಮೀನಿನ ಬುಟ್ಟಿ ಹೊತ್ತು ಗುಲ್ವಾಡಿಯ ಮನೆಮನೆ ಸುತ್ತಿದ ಕಾಲಿಗೆ ಈ ಕೂರುವುದೇ ದೊಡ್ಡ ಶಿಕ್ಷೆಯಾಗಿತ್ತು.

"ಪಟಕ್ಕೆ ಎಂತ ಬರ? ಓಟಿನ್ ಕಾರ್ಡ್ ಇತ್ತಲ್ಲ. ಸ್ಟುಡಿಯೋದ್ ಚಂದುಗೆ ಕೊಟ್ರೆ ದೊಡ್ಡ ಮಾಡಿ ಕೊಡ್ತ" ಎಂದ ಹಿರಿಮಗ ಮಂಜ. ಅವನು ಗಂಗೊಳ್ಳಿಯ ಬೋಟಿನಲ್ಲಿ ದುಡಿಯುವವ. ಯಾವುದಕ್ಕೂ ಅವನಲ್ಲಿ ಒಂದು ಉತ್ತರ ಇದ್ದೇ ಇರುತ್ತದೆ.

ಅವನ ಹೆಂಡತಿ ದಿವ್ಯಾ ಟ್ರಂಕು ಹುಡುಕಿದಳು, ದೇವರ ಗೂಡು ಹುಡುಕಿದಳು, ಅಕ್ಕಿ ಡಬ್ಬಿಯನ್ನೂ ಅಲ್ಲಾಡಿಸಿ ನೋಡಿದಳು. ಕಾರ್ಡು ಸಿಗಲಿಲ್ಲ. ಗಂಜಿ ಬಟ್ಟಲು ಮುಂದಿಟ್ಟುಕೊಂಡಿದ್ದ ಮಂಜನ ಮುಖ ಮೆಲ್ಲಗೆ ಬಿಳುಚಿತು. ಎರಡು ಸಾವಿರದ ನಾಲ್ಕರ ಆ ಬೇಸಿಗೆಯಲ್ಲಿ ಓಟು ಮುಗಿದು ಎರಡು ವಾರವೂ ಆಗಿರಲಿಲ್ಲ. ಓಟಿನ ದಿನ ಗಣಪ ಕಾರ್ಡನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ನೀಲಿ ಅಂಗಿಯ ಜೇಬಿಗೆ ಹಾಕಿಕೊಂಡಿದ್ದ. ಕಡಲಿಗೆ ಹೋಗುವವರ ಅಭ್ಯಾಸ ಅದು. ಹಾಗೆ ಜೇಬು ಸೇರಿದ ಕಾಗದ ಮತ್ತೆ ಹೊರಗೆ ಬರುವುದು ಕಡಿಮೆ.

"ಆ ಅಂಗಿ ನಾವ್ ಅಪ್ಪಯ್ಯನ್ ಒಟ್ಟಿಗೇ ಚಿತೆಗೆ ಹಾಕ್ದದ್ದಲ್ದಾ" ಎಂದ ಮಂಜ.

"ಜೇಬ್ ಕಾಂಬುದಲ್ದಾ ಮಾರಾಯ?" ಎಂದಳು ಸೀತು.

"ದಿನಾ ಹಾಕುವ ಅಂಗಿ ಒಟ್ಟಿಗೇ ಹೋಯ್ಕ್, ಇಲ್ದಿದ್ರೆ ಕೇಂಡ್ಕಂಡ್ ಬತ್ತ ಅಂದದ್ದ್ ಯಾರ್? ನೀವೇ."

ಸೀತು ಬಾಯಿ ಮುಚ್ಚಿಕೊಂಡಳು. ಸೀತುವಿನ ಬಾಯಿ ಮುಚ್ಚಿಸುವುದು ಸಣ್ಣ ಸಂಗತಿಯಲ್ಲ.

ಉಳಿದದ್ದು ಮಂಜನ ಮದುವೆಯ ಆಲ್ಬಂ. ಅದನ್ನು ಯಾರೂ ಮುಟ್ಟಲೇ ಹೋಗಲಿಲ್ಲ. ಎರಡು ವರ್ಷದ ಹಿಂದಿನ ಮಳೆಗಾಲ ಕಡಲು ತಡೆಗೋಡೆ ದಾಟಿ ನಡುಮನೆಗೆ ನುಗ್ಗಿದಾಗ ಆಲ್ಬಂ ಒಂದಿಡೀ ದಿನ ಉಪ್ಪುನೀರಿನಲ್ಲಿ ನೆಂದಿತ್ತು. ಒಣಗಿದ ಮೇಲೆ ಹಾಳೆ ಬಿಡಿಸಿದರೆ ಗಣಪನ ಮುಖ ಕಿತ್ತುಬಂದು ಎದುರು ಹಾಳೆಯ ಊಟದ ಸಾಲಿಗೆ ಅಂಟಿಕೊಂಡಿತ್ತು.

ಹಾಗೆ ಎಲ್ಲರ ಕಣ್ಣೂ ಕಿರಿಮಗ ಜಿತೇಂದ್ರನ ಮೇಲೆ ಬಿದ್ದದ್ದು.

ಜಿತೇಂದ್ರ ದಿನಾ ಬಸ್ಸಿನಲ್ಲಿ ಉಡುಪಿಗೆ ಹೋಗಿಬಂದು ಐದು ವರ್ಷ ಚಿತ್ರ ಕಲಿತವನು. ಮನೆಯ ಹಿಂದಿನ ಬಲೆ ಕೊಟ್ಟಿಗೆಯಲ್ಲಿ ಬಲೆಗಳನ್ನು ಒಂದು ಮೂಲೆಗೆ ತಳ್ಳಿ ಅಲ್ಲೇ ಬಣ್ಣ ಕಲಸುತ್ತಿದ್ದ. ಮಣಿಪಾಲದಲ್ಲಿ ಎರಡು ಸಲ ಅವನ ಚಿತ್ರಗಳ ಪ್ರದರ್ಶನವಾಗಿತ್ತು. ಆಧುನಿಕ ಸಮಾಜದ ಭಾವನೆಗಳನ್ನು ಹಿಡಿದಿಡುವ ಕಲಾವಿದ ಎಂದು ಪೇಪರಿನಲ್ಲಿ ಬಂದಿತ್ತು. ಒಂದು ಚಿತ್ರದಲ್ಲಿ ಬಸ್ಸಿನ ತುಂಬ ಜನ, ಒಬ್ಬರೂ ಇನ್ನೊಬ್ಬರನ್ನು ನೋಡುತ್ತಿಲ್ಲ. ಇನ್ನೊಂದರಲ್ಲಿ ಟೀವಿಯ ಎದುರು ಒಬ್ಬ ಹೆಂಗಸು, ತೊಡೆಯ ಮೇಲೆ ತಣ್ಣಗಾದ ಅನ್ನ. ಪದ್ದು ಒಮ್ಮೆ ಎಲ್ಲವನ್ನೂ ನೋಡಿ, "ನೆಗಾಡುವವ್ರ್ ಒಬ್ರೂ ಇಲ್ಯಾ ನಿನ್ ಊರಂಗೆ?" ಎಂದು ಕೇಳಿ ಬುಟ್ಟಿ ಹೊತ್ತುಕೊಂಡು ಹೋಗಿದ್ದಳು.

"ಮನೇಲೇ ಪಟ ಬರೆಯುವವ ಇದ್ದ. ಮತ್ತೆಂತಕ್ಕೆ ತಲೆಬಿಸಿ?" ಎಂದಳು ಸೀತು.

"ಬರೀತೆ" ಎಂದ ಜಿತೇಂದ್ರ. ಬಟ್ಟಲು ತೊಳೆದಿಟ್ಟು ಕೊಟ್ಟಿಗೆಗೆ ಹೋದ.

ಪದ್ದುವಿಗೆ ಆವತ್ತು ಮೊದಲ ಸಲ ಎದೆ ಸ್ವಲ್ಪ ಹಗುರಾಯಿತು. ಇಷ್ಟು ವರ್ಷ ಅವಳಿಗೆ ಅರ್ಥವೇ ಆಗದಿದ್ದ ಮಗನ ವಿದ್ಯೆ ಕೊನೆಗೂ ಮನೆಯ ಒಂದು ಕೆಲಸಕ್ಕೆ ಒದಗಿತಲ್ಲ ಅನಿಸಿತು. ಬೊಜ್ಜ ಕಳೆದ ಮೇಲೂ ಪಟ ಗೋಡೆಯ ಮೇಲೆ ಇರುತ್ತದೆ. ಬೆಳಿಗ್ಗೆ ಎದ್ದು ಒಂದು ಸಲ ಮುಖ ನೋಡಬಹುದು. ಅವಳಿಗೆ ಬೇಕಾದದ್ದು ಅಷ್ಟೇ.

ಮರುದಿನ ಸಂಜೆ ಮಗ ತಂದ ಮೊದಲ ಚಿತ್ರದಲ್ಲಿ ಹುಬ್ಬು ಗಂಟಿಕ್ಕಿತ್ತು, ಬಾಯಿ ಈಗಷ್ಟೇ ಬೈಯಲು ಹೊರಟ ಹಾಗಿತ್ತು.

"ಇದ್ ನಿನ್ನ್ ಬೈವ ಅಪ್ಪಯ್ಯ. ನನ್ ಗಂಡ ಅಲ್ಲ" ಎಂದಳು ಪದ್ದು.

"ಅಪ್ಪಯ್ಯಂಗೆ ಸಿಟ್ಟ್ ಬತ್ತಿರ್ಲಿಲ್ಯಾ?"

"ಬತ್ತಿದ್ದಿತ್ತ್. ಸಿಟ್ಟಿಗೆ ಮಾಲೆ ಹಾಕುಕಾತ್ತಾ?"

ಎರಡನೆಯದರಲ್ಲಿ ಗಣಪ ನಗುತ್ತಿದ್ದ. ಆದರೆ ವಿಮೆ ಮಾಡಿಸಲು ಬಂದ ಏಜೆಂಟನ ನಗೆ ಅದು. ಮೂರನೆಯದು ಗಣಪನ ಅಪ್ಪನ ಹಾಗೆ ಮುದಿಯಾಗಿತ್ತು. ಜಿತೇಂದ್ರ ಚಾಪೆಯ ಹತ್ತಿರ ಕೂತು ಪೆನ್ಸಿಲು ಹಿಡಿದು ಕೇಳತೊಡಗಿದ.

"ಮೂಗ್ ಹ್ಯಾಂಗಿದ್ದಿತ್ತ್ ಅಮ್ಮ?"

"ಮೂಗ್ ಮೂಗಿನ್ ಹಾಂಗೇ ಇದ್ದಿತ್ತ್."

"ಹಾಂಗಂದ್ರೆ ನಾ ಹ್ಯಾಂಗ್ ಬರೆಯುದ್?"

"ಇಪ್ಪತ್ನಾಲ್ಕ್ ವರ್ಷ ಅದೇ ಮೂಗಿನ್ ಎದ್ರ್ ಕೂಕಂಡ್ ಉಂಡಿದ್ದೆ ನೀನ್. ನನ್ ಕೇಂತ್ಯಾ?"

ರಾತ್ರಿಯ ಊಟದ ಹೊತ್ತಿಗೆ ಅಣ್ಣತಮ್ಮಂದಿರ ನಡುವೆ ಶುರುವಾಯಿತು. ಸೂತಕದ ಮನೆಯಲ್ಲಿ ಮೀನಿಲ್ಲ. ಬರೀ ಗಂಜಿ, ಉಪ್ಪಿನಕಾಯಿ. ದಿನಕ್ಕೆ ಎರಡು ಹೊತ್ತು ಮೀನು ತಿಂದು ಬೆಳೆದ ಮಂಜನಿಗೆ ಹೊಟ್ಟೆಯಲ್ಲೇ ಸಿಟ್ಟು ಕೂತಿತ್ತು.

"ಊರವ್ರ್ ಮುಖ ಎಲ್ಲ ಬರೀತೆ, ಪೇಪರಂಗೆ ಹಾಕ್ಸ್ಕಂತೆ. ಅಪ್ಪಂದ್ ಒಂದ್ ಬಪ್ಪುದಿಲ್ಯಾ ನಿಂಗೆ?"

"ನೀ ಹೇಳ್ ಕಾಂಬ. ಅಪ್ಪಯ್ಯನ್ ಗಲ್ಲದ್ ಗಾಯ ಎಡಕ್ಕಾ ಬಲಕ್ಕಾ?"

ಮಂಜ ತುತ್ತು ಕೈಯಲ್ಲೇ ಹಿಡಿದು ಯೋಚಿಸಿದ. "ಎಡಕ್ಕೆ" ಎಂದ.

"ಬಲಕ್ಕೆ" ಎಂದಳು ದಿವ್ಯಾ ಅಡುಗೆಮನೆಯಿಂದ.

"ಗಾಯವೇ ಇದ್ದಿರ್ಲಿಲ್ಲ. ಅದ್ ನಿಮ್ ದೊಡ್ಡಪ್ಪಯ್ಯಂಗೆ" ಎಂದಳು ಸೀತು.

ಒಳಕೋಣೆಯಲ್ಲಿ ಪದ್ದು ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಗಾಯ ಇತ್ತೋ ಇಲ್ಲವೋ ಅವಳಿಗೆ ಗೊತ್ತು, ಗೊತ್ತಿರಲೇಬೇಕು. ಆದರೆ ಕಣ್ಣು ಮುಚ್ಚಿದರೆ ಆ ವಿಮೆ ಏಜೆಂಟ್ ಬಂದು ನಿಂತ. ಅವನನ್ನು ಆಚೆ ತಳ್ಳಿದರೆ ಗಂಟಿಕ್ಕಿದ ಹುಬ್ಬು ಬಂತು. ಮಗ ತೋರಿಸಿದ ಒಂದೊಂದು ತಪ್ಪು ಚಿತ್ರವೂ ತಲೆಯೊಳಗಿನ ಸರಿಯಾದದ್ದನ್ನು ಒಂದಿಷ್ಟು ಅಳಿಸಿಕೊಂಡೇ ಹೋಗಿತ್ತು. ಗಂಡ ಸತ್ತ ದಿನ ಆಗದಷ್ಟು ಹೆದರಿಕೆ ಅವಳಿಗೆ ಆವಾಗ ಆಯಿತು.

"ಸಾಕ್ ನಿಲ್ಸ್. ಇನ್ ಬರೆಯುದ್ ಬ್ಯಾಡ" ಎಂದಳು ಬೆಳಿಗ್ಗೆ ಎದ್ದವಳೇ. ಮಗ ಕೇಳಲಿಲ್ಲ. ನಾಲ್ಕನೆಯದು ತಂದ, ಐದನೆಯದು ತಂದ, ಆರನೆಯದು ತಂದ. ಪದ್ದು ಮುಖ ತಿರುಗಿಸಿ ಕೂತಳು.

ಒಂಬತ್ತನೆಯ ದಿನ ದಿವ್ಯಾಳ ತಾಳ್ಮೆ ಹರಿಯಿತು. ಕೊಟ್ಟಿಗೆಗೆ ಚಾ ಹೊತ್ತು ಹೊತ್ತು ಅವಳ ಕಾಲು ಸೋತಿತ್ತು. ಬೊಜ್ಜಕ್ಕೆ ಬರುವ ನೂರು ಜನರ ಅಕ್ಕಿ ಆರಿಸುವ ಕೆಲಸ ಬೇರೆ ಅವಳ ತಲೆಯ ಮೇಲಿತ್ತು. ಗೆರಸಿ ನೆಲಕ್ಕೆ ಕುಕ್ಕಿ ಹೇಳಿದಳು.

"ಆ ಹಲ್ಲಿನ್ ಡಾಕ್ಟ್ರಲ್ಲಿ ಇಪ್ಪುದ್ ಮಾವಂದೇ ಅಲ್ದಾ? ಅದನ್ನೇ ಕಂಡ್ ಬರೆಯುಕೆ ಎಂತ ದಾಡಿ ಇವ್ರಿಗೆ?"

"ಎಂತದ್ ಮಾವಂದ್?" ಎಂದಳು ಪದ್ದು.

ದಿವ್ಯಾ ನಾಲಗೆ ಕಚ್ಚಿಕೊಂಡಳು. ಆದರೆ ಆಡಿದ ಮೇಲೆ ಆಡಿದ ಹಾಗೆಯೇ. ಕಳೆದ ವರ್ಷ ಕುಂದಾಪುರದಲ್ಲಿ ಹಲ್ಲು ಕೀಳಿಸಲು ಹೋದಾಗ ಅಲ್ಲಿ ಗೋಡೆಯ ಮೇಲೆ ಮಾವನ ದೊಡ್ಡ ಚಿತ್ರ ಕಂಡಿದ್ದಳಂತೆ. ಬಾಯೊಳಗೆ ಹತ್ತಿ ಇತ್ತು, ಆವಾಗ ಕೇಳಲಾಗಲಿಲ್ಲ. ಮನೆಗೆ ಬಂದು ಕೇಳಿದರೆ, ಅದು ಮಣಿಪಾಲದಲ್ಲಿ ಮಾರಾಟವಾದದ್ದು, ಯಾರಿಗೂ ಹೇಳಬೇಡಿ ಅತ್ತಿಗೆ ಎಂದಿದ್ದನಂತೆ ಜಿತೇಂದ್ರ.

ಜಿತೇಂದ್ರನನ್ನು ಕರೆಸಿದರು. ಅವನು ಬಾಗಿಲಿಗೆ ಒರಗಿ ನಿಂತ.

"ಅಪ್ಪನ್ ಪಟ ಮಾರಿದ್ಯಾ?" ಎಂದು ಕೇಳಿದಳು ಪದ್ದು.

"ಅದ್ ಅಪ್ಪಯ್ಯನ್ ಪಟ ಅಲ್ಲ ಅಮ್ಮ. ಅದೊಂದ್ ಭಾವನೆ. ಈಗಿನ್ ಕಾಲದಂಗೆ ಯಾರಿಗೂ ಬ್ಯಾಡ ಆದ್ ಮನ್ಷ, ಯಾರ್ ಬೇಕಾರೂ ಆಯ್ಲಕ್."

"ಮುಖ ಯಾರದ್ದ್?"

ಅವನು ಬೆರಳಿಗೆ ಅಂಟಿದ ಬಣ್ಣ ಉಜ್ಜಿಕೊಂಡ.

"ಮುಖ ಯಾರದ್ದ್ ಕೇಂಡೆ."

"ಅಪ್ಪಯ್ಯಂದ್."

ಪದ್ದು ಎದ್ದು ನಿಂತಳು. ಹಗ್ಗದ ಮೇಲಿನ ಸೀರೆ ತೆಗೆದಳು. ಸೀತು ಬಾಗಿಲಿಗೆ ಅಡ್ಡ ಬಂದಳು. "ಬೊಜ್ಜ ಆಪುಕೆ ಮುಂಚೆ ಮೆಟ್ಲ್ ಇಳೀತ್ಯಾ? ಊರ್ ಎಂತ ಅಂತ್ತ್ ಹೆಣೆ?"

"ಅನ್ಲಿ ಅತ್ತಿಗೆ. ನಾಳಿಗೆ ನಂಗೆ ಅವ್ರ್ ಮುಖವೇ ನೆನಪಿಲ್ದಿದ್ರೆ ಊರ್ ಬಂದ್ ಹೇಳಿ ಕೊಡ್ತಾ?"

ದಿವ್ಯಾಳನ್ನು ಕರಕೊಂಡು ಆಗಲೇ ಅವಳು ಹೆದ್ದಾರಿಗೆ ಇಳಿದು ಬಸ್ಸು ಹತ್ತಿದಳು. ದಿನಾ ಬುಟ್ಟಿ ಹಿಡಿದುಕೊಳ್ಳುತ್ತಿದ್ದ ಕಂಡಕ್ಟರ್ ಅವಳನ್ನು ನೋಡಿ ಟಿಕೇಟು ಕೇಳಲೂ ಅಂಜಿದ. ಬಸ್ಸಿನಲ್ಲಿದ್ದ ಗುರುತಿನ ಹೆಂಗಸರು ಪಿಸಪಿಸ ಮಾತಾಡಿಕೊಂಡರು. ಪದ್ದು ಯಾರ ಕಡೆಗೂ ತಿರುಗಲಿಲ್ಲ.

ಕ್ಲಿನಿಕ್ಕಿನಲ್ಲಿ ಕೆನ್ನೆ ಊದಿಸಿಕೊಂಡ ಐದಾರು ಜನ ಸಾಲಾಗಿ ಕೂತಿದ್ದರು. ಎದುರು ಗೋಡೆಯ ಮೇಲೆ, ಬಾಗಿಲಷ್ಟು ಎತ್ತರದ ಚೌಕಟ್ಟಿನೊಳಗೆ, ಗಣಪ ಇದ್ದ.

ಇವನೇ. ಮೂಗು ಇದೇ, ತುದಿಯಲ್ಲಿ ಚೂರು ಎಡಕ್ಕೆ ವಾಲಿದ್ದು. ಬಲಗಿವಿಯ ಮೇಲಿನ ಮಡಿಕೆ ಇದೇ. ಗಲ್ಲದಲ್ಲಿ ಗಾಯ ಇರಲಿಲ್ಲ. ಹೆಗಲ ಮೇಲೆ ಮೈ ಒರಸುವ ಮಾಸಿದ ಬೈರಾಸ. ಪದ್ದುವಿನ ಬಾಯಿಂದ ಒಂದು ಸಣ್ಣ ನಗೆಯೇ ಹೊರಟಿತು. ಕಳೆದುಹೋದ ಮಗು ಸಂತೆಯಲ್ಲಿ ಕಣ್ಣಿಗೆ ಬಿದ್ದ ಹಾಗಾಯಿತು. ಎಲ್ಲಿ ಹೋಗಿದ್ದಿರಿ ಇಷ್ಟು ದಿನ ಎಂದು ಕೇಳಬೇಕು ಅನಿಸಿತು.

ಆಮೇಲೆ ಅವಳು ಕಣ್ಣುಗಳನ್ನು ನೋಡಿದಳು. ಗಣಪ ಅಳುತ್ತಿದ್ದ. ಸುಮ್ಮನೆ ಕಣ್ಣು ತೇವವಾದದ್ದಲ್ಲ. ಬಾಯಿ ಸೊಟ್ಟಗಾಗಿ, ಗಂಟಲ ನರ ಉಬ್ಬಿ, ಎರಡೂ ಕೈ ತೊಡೆಯ ಮೇಲೆ ಅಂಗಾತ ಬಿದ್ದುಕೊಂಡು, ಸಣ್ಣ ಮಕ್ಕಳು ಅಳುವ ಹಾಗೆ ಅಳುತ್ತಿದ್ದ. ಮದುವೆಯಾಗಿ ಇಪ್ಪತ್ತೆಂಟು ವರ್ಷ. ತಾಯಿ ಸತ್ತಾಗಲೂ ಅವನು ಅತ್ತದ್ದನ್ನು ಪದ್ದು ಕಂಡವಳಲ್ಲ.

"ಇದಕ್ಕೆ ಹೆಸ್ರ್ ಎಂತ ಇತ್ತ್ ಅಲ್ಲಿ?" ಎಂದು ಕೇಳಿದಳು. ಚೌಕಟ್ಟಿನ ಕೆಳಗೆ ಇಂಗ್ಲಿಷಿನಲ್ಲಿ ಏನೋ ಬರೆದಿತ್ತು.

ಚೀಟಿ ಕೊಡುವ ಹುಡುಗಿ ಓದಿ ಹೇಳಿದಳು. "ಹೆಸರಿಲ್ಲದವ ಅಂತ. ಡಾಕ್ಟ್ರಿಗೆ ಭಾರೀ ಇಷ್ಟದ್ದ್. ಹಲ್ಲ್ ನೋವಿನವ್ರಿಗೆ ಇದನ್ ಕಂಡ್ರೆ ತಮ್ ನೋವ್ ಸಣ್ಣದ್ ಅನ್ಸ್ತ್ ಅಂತ್ರ್."

ಡಾಕ್ಟರು ಒಳ್ಳೆಯ ಮನುಷ್ಯ. ವಿಷಯ ತಿಳಿದದ್ದೇ ಹೊರಗೆ ಬಂದು, ಬೇಕಾದರೆ ಬೊಜ್ಜಕ್ಕೆ ತೆಗೆದುಕೊಂಡು ಹೋಗಿ, ಆಮೇಲೆ ತಂದುಕೊಟ್ಟರಾಯಿತು ಎಂದರು. ಪದ್ದು ಕೈ ಮುಗಿದಳು. "ಬ್ಯಾಡ ಡಾಕ್ಟ್ರೆ. ಹೀಂಗೆ ಕಣ್ಣೀರ್ ಹಾಕಿ ಮರ್ಕುವವ್ರಿಗೆ ಮಾಲೆ ಹಾಕುದ್ ಹ್ಯಾಂಗೆ?" ಎಂದಳು.

ಮನೆಗೆ ಬಂದ ಪದ್ದು ಒಳಗೆ ಹೋಗದೆ ನೇರ ಬಲೆ ಕೊಟ್ಟಿಗೆಗೆ ನಡೆದಳು. ಜಿತೇಂದ್ರ ಏಳನೆಯ ಚಿತ್ರದ ಮುಂದೆ ಕೂತಿದ್ದ.

"ಯಾವಾಗ ಅದ್?"

ಅವನಿಗೆ ಅರ್ಥವಾಯಿತು. "ನಾಲ್ಕ್ ವರ್ಷ ಆಯ್ತ್. ದೋಣಿ ಕೊಟ್ಟ ದಿನ."

ಆ ದಿನ ಪದ್ದುವಿಗೆ ಚೆನ್ನಾಗಿ ನೆನಪಿತ್ತು. ಮಧ್ಯಾಹ್ನದ ಊಟದಲ್ಲಿ ಮಂಜ ತಟ್ಟೆ ದೂಡಿ, ಈ ಮುರುಕು ದೋಣಿ ಕಟ್ಟಿಕೊಂಡು ಸಾಯುವುದಕ್ಕೆ ನನ್ನಿಂದ ಆಗುವುದಿಲ್ಲ, ನಾನು ಬೋಟಿಗೆ ಹೋಗುತ್ತೇನೆ ಎಂದಿದ್ದ. ಒಬ್ಬನೇ ಕಡಲಿಗೆ ಇಳಿಸಲಾಗದ ದೋಣಿಯನ್ನು ಗಣಪ ಮೂರು ಗಂಟೆಗೆ ರೆಸಾರ್ಟಿನವರಿಗೆ ಕೊಟ್ಟುಬಿಟ್ಟ. ಅವರು ಅದರಲ್ಲಿ ಮಣ್ಣು ತುಂಬಿ ಹೂಗಿಡ ನೆಡುತ್ತಾರಂತೆ ಎಂದು ಅಂಗಳದಲ್ಲಿ ನಿಂತು ಹೇಳಿದ್ದ. ಪದ್ದು ಮರುದಿನದ ಬುಟ್ಟಿ ತೊಳೆಯುತ್ತ, ಹೋಗಲಿ ಬಿಡಿ, ಜಾಗವಾದರೂ ಖಾಲಿಯಾಯಿತು ಎಂದಿದ್ದಳು. ಗಣಪ ಕೊಟ್ಟಿಗೆಯ ಕಡೆ ಹೋದದ್ದನ್ನು ಅವಳು ಕಂಡಿದ್ದಳು, ಬಲೆ ಸರಿಮಾಡಲು ಹೋದನೆಂದುಕೊಂಡಿದ್ದಳು.

"ಇಲ್ಲೇ ಕೂಕಂಡಿದ್ರಾ?"

"ಹೌದ್. ಆ ಮೂಲೆಗೆ."

"ನೀ ಎಲ್ಲಿದ್ದೆ?"

"ಇಲ್ಲೇ. ಎದ್ರಿಗೆ."

"ಅವ್ರ್ ಮರ್ಕುವತ್ತಿಗೆ ನೀ ಎಂತ ಮಾಡ್ತಿದ್ದೆ?"

"ಬರೀತಿದ್ದೆ."

"ಎಷ್ಟೊತ್ತ್?"

"ಒಂದ್ ತಾಸ್ ಆಯ್ತೇನೋ."

"ನಿನ್ನ್ ಕಂಡ್ರಾ?"

"ಕಂಡ್ರ್."

"ಎಂತ ಹೇಳ್ರ್?"

ಜಿತೇಂದ್ರ ಬ್ರಶ್ಶು ಕೆಳಗಿಟ್ಟ. ಅವನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಹೇಳಿದ್ದರೆ ಪದ್ದು ಬದುಕಿಕೊಳ್ಳುತ್ತಿದ್ದಳು.

"ಅಮ್ಮನ್ನ ಒಂಚೂರ್ ಕರಿ ಮಗಾ ಅಂದ್ರ್."

ಪದ್ದು ಒಂದು ಹೆಜ್ಜೆ ಹತ್ತಿರ ಬಂದಳು.

"ಕೈ ಒಂದ್ ಬಾಕಿ ಇದ್ದಿತ್ತ್ ಅಮ್ಮ. ಎದ್ ಹೋದ್ರೆ ಆ ಭಾವ ಮತ್ತೆ ಸಿಕ್ಕುದಿಲ್ಲ ಅನ್ಸ್ತ್. ಈಗ ಕರೀತೆ ಅಪ್ಪಯ್ಯ, ಒಂಚೂರ್ ಹಾಂಗೇ ಕೂಕಣಿ ಅಂದೆ. ಹಾಂಗೇ ಕೂಕಂಡ್ರ್. ಮುಗಿವತ್ತಿಗೆ ಅವ್ರೇ ಮುಖ ಒರ್ಸ್ಕಂಡ್ ಎದ್ ಹೋದ್ರ್. ಮತ್ತೆ ಕರಿಲಿಲ್ಲ."

ಹೊರಗೆ ಸೀತು ತೆಂಗಿನಕಾಯಿ ಸುಲಿಯುತ್ತಿದ್ದಳು. ಪದ್ದು ಬಲೆ ರಾಶಿಯನ್ನು ಹಿಡಿದು ನಿಂತಳು. ಆ ಸಂಜೆ ಗಂಡ ಬಂದು ಊಟಕ್ಕೆ ಕೂತದ್ದು, ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ತಟ್ಟೆ ದೂಡಿದ್ದು, ತಾನು ಮೂರು ದಿನ ಮಾತು ಬಿಟ್ಟದ್ದು, ಎಲ್ಲ ನೆನಪಾಯಿತು. ಇಪ್ಪತ್ತೆಂಟು ವರ್ಷದಲ್ಲಿ ಒಂದೇ ಒಂದು ಸಲ ಅವನು ತನ್ನನ್ನು ಹತ್ತಿರ ಕರೆದಿದ್ದ. ಕರೆ ಹತ್ತು ಮಾರು ದೂರದ ಬಾವಿಕಟ್ಟೆಗೆ ಬಂದು ಮುಟ್ಟಲಿಲ್ಲ.

"ಒಂದ್ ಕೂಗ್ ಹಾಕಿದ್ರೆ ಸಾಕಿದ್ದಿತ್ತ್. ನಾ ಬಾವಿಕಟ್ಟೆ ಹತ್ರವೇ ಇದ್ದೆ" ಎಂದಳು.

"ನಂಗೆ ಗೊತ್ತಾಯ್ಲಿಲ್ಲ ಅಮ್ಮ."

"ಮೂಗ್ ಗೊತ್ತಾಯ್ತ್ ನಿಂಗೆ. ಕಿವಿ ಮೇಲಿನ್ ಮಡಿಕೆ ಗೊತ್ತಾಯ್ತ್."

"ಡಾಕ್ಟ್ರ ಹತ್ರ ಕೇಂಡ್ ಅದನ್ನ ತಿರ್ಗಿ ತತ್ತೆ ಬೇಕಾರೆ."

"ಬ್ಯಾಡ. ಅಲ್ಲೇ ಇರ್ಲಿ. ಹಲ್ಲ್ ನೋಯುವವ್ರ್ ಆದ್ರೂ ಕಾಣ್ಲಿ."

ಬೊಜ್ಜ ಪಟವಿಲ್ಲದೆಯೇ ಆಯಿತು. ಕುರ್ಚಿ ಇಡಲಿಲ್ಲ, ಎಲೆಯ ಮುಂದೆ ಒಂದು ದೀಪ ಹಚ್ಚಿದರು. ಅಂಜಲ್ ಮೀನಿನ ಸಾರು, ಸುಟ್ಟ ಬಂಗುಡೆ, ಒಂದು ಕುಪ್ಪಿ ಸಾರಾಯಿ ಎಲ್ಲ ಎಲೆಗೆ ಬಂತು. ಬಾರ್ಕೂರಿನಿಂದ ಬಂದ ದೂರದ ನೆಂಟನೊಬ್ಬ ಕೈ ಮುಗಿಯಲು ಏನೂ ಕಾಣದೆ ಅತ್ತಿತ್ತ ನೋಡಿ, "ಮಗ ಅಷ್ಟ್ ದೊಡ್ಡ ಆರ್ಟಿಸ್ಟ್ ಅಂಬ್ರ್, ಅಪ್ಪಂದ್ ಒಂದ್ ಪಟ ಬರಿಲಿಲ್ಯಾ?" ಎಂದ. ಮಂಜ ಸಾರಿನ ಪಾತ್ರೆ ಹಿಡಿದುಕೊಂಡು ಮುಂದಿನ ಸಾಲಿಗೆ ಹೋದ. ದೋಣಿ ಕೊಟ್ಟ ದಿನದ ಆ ಅಳುವಿನ ವಿಷಯವನ್ನು, ಕೊಟ್ಟಿಗೆಯ ಹೊರಗೆ ನಿಂತು ಕೇಳಿಸಿಕೊಂಡಿದ್ದ ದಿವ್ಯಾ ಅವನಿಗೆ ಹೇಳಿದ್ದಳು. ಅಂದಿನಿಂದ ಅವನಲ್ಲಿ ಯಾವುದಕ್ಕೂ ಉತ್ತರ ಇರಲಿಲ್ಲ.

ಜನ ಕರಗಿದ ಮೇಲೆ ಪದ್ದು ಅಡುಗೆಮನೆಯಲ್ಲಿ ಒಬ್ಬಳೇ ಕೂತಳು. ಕಣ್ಣು ಮುಚ್ಚಿದರೆ ಈಗ ವಿಮೆ ಏಜೆಂಟ್ ಬರಲಿಲ್ಲ, ಗಂಟು ಹುಬ್ಬಿನವನೂ ಬರಲಿಲ್ಲ. ಗೋಡೆಯ ಮೇಲಿನವನೇ ಬಂದ, ಬಾಯಿ ಸೊಟ್ಟ ಮಾಡಿಕೊಂಡು. ಇಪ್ಪತ್ತೆಂಟು ವರ್ಷದ ಬೇರೆ ಮುಖಗಳೆಲ್ಲ, ಮದುವೆಯ ದಿನದ್ದು, ಮಂಜ ಹುಟ್ಟಿದಾಗಿನದ್ದು, ಒಂದೂ ಸಿಗಲಿಲ್ಲ. ಪದ್ದುವಿಗೆ ಅಳು ಬಂತು. ಹದಿಮೂರು ದಿನ ನೆಂಟರ ನಡುವೆ ಅತ್ತದ್ದು ಬೇರೆ, ಇದು ಬೇರೆ. ಎರಡೂ ಕೈ ತೊಡೆಯ ಮೇಲೆ ಬಿಟ್ಟುಕೊಂಡು ಅತ್ತಳು.

ಎಷ್ಟೋ ಹೊತ್ತಿನ ಮೇಲೆ ತಲೆ ಎತ್ತಿದರೆ ಬಾಗಿಲಲ್ಲಿ ಜಿತೇಂದ್ರ ನಿಂತಿದ್ದ. ಊಟಕ್ಕೆ ಬಂದವನು. ಕೈಯಲ್ಲಿ ಕಾಗದ ಇರಲಿಲ್ಲ, ಪೆನ್ಸಿಲ್ ಇರಲಿಲ್ಲ. ಆದರೆ ಅವನ ಕಣ್ಣು ಅವಳ ಬಾಯಿಂದ ಗಂಟಲಿಗೆ ಇಳಿದು, ಗಂಟಲಿಂದ ಕೈಗೆ ಹೋಗಿ, ಕೈಯ ಮೇಲೆ ಒಂದು ಗಳಿಗೆ ನಿಂತಿತು.

"ಕಾಣ್ಬ್ಯಾಡ ನನ್ನ" ಎಂದಳು ಪದ್ದು.

"ನಾ ಎಂತದೂ..."

"ಕಾಣ್ಬ್ಯಾಡ ಅಂದೆ."

ಸೆರಗನ್ನು ತಲೆಯ ಮೇಲಿಂದ ಗಲ್ಲದವರೆಗೂ ಎಳೆದುಕೊಂಡು ಎದ್ದಳು. ತಟ್ಟೆ ಇಟ್ಟಳು, ಅನ್ನ ಹಾಕಿದಳು, ಹದಿಮೂರು ದಿನದ ಮೇಲೆ ಮಗನಿಗೆ ಮೀನು ಬಡಿಸಿದಳು. ಬಡಿಸುವಷ್ಟು ಹೊತ್ತೂ ಮುಖವನ್ನು ಗೋಡೆಯ ಕಡೆಗೇ ಇಟ್ಟುಕೊಂಡಿದ್ದಳು. ಮರುದಿನವೂ ಹಾಗೆಯೇ ಬಡಿಸಿದಳು. ಮಳೆ ಹಿಡಿಯಿತು, ಮಳೆ ಬಿಟ್ಟಿತು, ಅವಳು ಮತ್ತೆ ಬುಟ್ಟಿ ಹೊತ್ತು ಗುಲ್ವಾಡಿಗೆ ಹೋಗತೊಡಗಿದಳು. ಊರಿನವರಿಗೆಲ್ಲ ಕಾಣುವ ಅವಳ ಮುಖ ಜಿತೇಂದ್ರನಿಗೆ ಮಾತ್ರ ಮತ್ತೆ ನೋಡಲು ಸಿಗಲಿಲ್ಲ.